ಸಾಕ್ಷಿ ಹೇಳಿದ ಮೇಲೆ ನಿಂತ ಮಾತ್ರೆ

ಹೊಸದಾಗಿ ಪಾದ್ರಿಗಳಾಗಿ ಸಭೆ ವಹಿಸಿಕೊಳ್ಳಲು ಹೊರಟ ಹುಡುಗರು ಆಗೊಮ್ಮೆ ಈಗೊಮ್ಮೆ ಅರಸೀಕೆರೆಯ ನಮ್ಮ ಮನೆಗೆ ಬಂದು ಕೂರುತ್ತಾರೆ. ಕಾಫಿ ಕುಡಿಯುತ್ತಾರೆ. ಇರಲು ಮನೆ ಕೊಡುತ್ತಾರೋ ಇಲ್ಲವೋ, ನೀರು ಹೇಗೆ, ಸಭೆಯ ಹಿರಿಯರ ಕಾಟ ಎಷ್ಟು ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ಈ ಕೆಲಸದಲ್ಲಿ ನಮ್ಮ ಬಾಯಿಂದ ದಿನವೆಲ್ಲ ಉದುರುವ ಮಾತು ಒಂದಿದೆ: ‘ದೇವರು ನೋಡಿಕೊಳ್ಳುತ್ತಾನೆ.’ ಅದನ್ನು ಯಾವಾಗ ಹೇಳಬೇಕು, ಹೇಗೆ ಹೇಳಬೇಕು ಅಂತ ಇದುವರೆಗೆ ಒಬ್ಬ ಹುಡುಗನೂ ಕೇಳಿಲ್ಲ. ಕಾಯಿಲೆಯವರ ಮನೆಯಲ್ಲಿ ಅದನ್ನೇ ಹೇಳುತ್ತೇವೆ, ಸಂಬಂಧ ಮುರಿದುಬಿದ್ದ ಮನೆಯಲ್ಲಿ ಅದನ್ನೇ, ಬಸ್ಸು ತಪ್ಪಿದರೂ ಅದನ್ನೇ. ಸಾರಿಗೆ ಉಪ್ಪು ಹಾಕಿದ ಹಾಗೆ. ಹೆಚ್ಚಾಯಿತು ಅಂತ ಗೊತ್ತಾಗುವುದು ಯಾರಾದರೂ ಬಾಯಿಗಿಟ್ಟ ಮೇಲೆ.

ನಮ್ಮಜ್ಜಿ ಇದನ್ನೇ ಇನ್ನೊಂದು ರೀತಿ ಹೇಳುತ್ತಿದ್ದಳು. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಅನ್ನುವಳು, ಅದೇ ಉಸಿರಿನಲ್ಲಿ, ಎದ್ದು ಎಸರಿಡು ಹೋಗು ಅಂತಲೂ ಅನ್ನುವಳು. ಈ ಎರಡು ಮಾತಿಗೆ ಏನು ಸಂಬಂಧ ಅಂತ ನಾನು ಕೆಲಸ ಮಾಡಿದ ಕಾಲವೆಲ್ಲ ಯೋಚಿಸಿದ್ದೇನೆ. ಪೂರ್ತಿ ಬಗೆಹರಿದಿದೆ ಅಂತ ಈಗಲೂ ಹೇಳಲಾರೆ.

ನಾನು ತೊಂಬತ್ತರ ದಶಕದ ಶುರುವಿನಲ್ಲಿ ಉಪದೇಶಿಯಾಗಿ ಸೇರಿದೆ. ಉಪದೇಶಿ ಅಂದರೆ ಅಯ್ಯನವರ, ಅಂದರೆ ಪಾದ್ರಿಗಳ, ಕೈಕೆಳಗೆ ಹಳ್ಳಿ ಹಳ್ಳಿ ತಿರುಗಿ, ಚದುರಿಹೋಗಿರುವ ನಮ್ಮ ನಾಲ್ಕಾರು ಮನೆಗಳನ್ನು ಒಂದು ಕಡೆ ಕೂಡಿಸಿ ಪ್ರಾರ್ಥನೆ ನಡೆಸುವವನು. ಮುಂದೆ ನನಗೂ ದೀಕ್ಷೆಯಾಯಿತು, ಜನ ನನ್ನನ್ನೂ ಅಯ್ನೋರೇ ಅನ್ನತೊಡಗಿದರು. ಅದರ ಕಥೆಯಿಂದ ಯಾರಿಗೂ ಉಪಯೋಗವಿಲ್ಲ. ಅರಸೀಕೆರೆಯಲ್ಲಿ ನನ್ನ ಮೇಲಿದ್ದವರು ಕರುಣಾಕರ ಅಯ್ಯನವರು. ಎತ್ತರದ ಆಳು, ನಶ್ಯದ ಚಟ, ಬೋಧನೆಗೆ ನಿಂತು ಪ್ರಸಂಗ ಮಾಡುವ ನಡುವೆಯೂ ಒಂದು ಚಿಟಿಕೆ ಏರಿಸಿ ಮಾತು ಮುಂದುವರಿಸುವವರು. ಬೈಯುವಾಗ ದನಿ ಇನ್ನೂ ತಗ್ಗುತ್ತಿತ್ತು. ಅದಕ್ಕೇ ಹೆದರಿಕೆ ಹೆಚ್ಚು.

ಮೊದಲ ಮಳೆಗಾಲದಲ್ಲಿ ಬೇಲೂರಿನ ಮೇಷ್ಟ್ರೊಬ್ಬರ ಮನೆಯಲ್ಲಿ ಆರಾಧನೆ ನಡೆಸುತ್ತಿದ್ದೆ. ನನ್ನ ಹತ್ತಿರ ಛತ್ರಿ ಇರಲಿಲ್ಲ. ಕೊನೆಯ ಪ್ರಾರ್ಥನೆಯಲ್ಲಿ, ‘ಕರ್ತನೇ, ನಿನ್ನ ದಾಸನು ನೆನೆಯುತ್ತಾ ತಿರುಗುತ್ತಿದ್ದಾನೆ, ಒಂದು ಛತ್ರಿ ಒದಗಿಸು’ ಎಂದು ಎಲ್ಲರಿಗೂ ಕೇಳುವಂತೆ ಬೇಡಿಕೊಂಡೆ. ಮುಂದಿನ ವಾರ ಹೋದರೆ ಮೇಷ್ಟ್ರು ಒಂದು ಛತ್ರಿ ತಂದಿಟ್ಟಿದ್ದರು, ಅವರ ತಮ್ಮನ ಹೆಂಡತಿ ಇನ್ನೊಂದು, ಅಂಚೆ ಕಚೇರಿಯಲ್ಲಿದ್ದವರೊಬ್ಬರು ಮಳೆಕೋಟು. ಹಿಗ್ಗಿನಿಂದ ಅರಸೀಕೆರೆಗೆ ಬಂದು ಅಯ್ಯನವರಿಗೆ ವರದಿ ಒಪ್ಪಿಸಿದೆ.

ಅವರು ನಶ್ಯ ಏರಿಸಿದರು. “ಎಷ್ಟು ಗಟ್ಟಿಯಾಗಿ ಪ್ರಾರ್ಥನೆ ಮಾಡಿದೆ?”

“ಎಲ್ಲರಿಗೂ ಕೇಳೋ ಹಾಗೆ, ಅಯ್ಯನವರೇ.”

“ದೇವರಿಗೆ ಕಿವಿ ಮಂದ ಅಂತಲೋ, ಮೇಷ್ಟ್ರಿಗೆ ಕಿವಿ ಚುರುಕು ಅಂತಲೋ?”

ನಾನು ಕೈಯಲ್ಲಿದ್ದ ಛತ್ರಿಯನ್ನು ಬೆನ್ನ ಹಿಂದೆ ಸರಿಸಿದೆ.

“ನಿನ್ನ ಹೊಟ್ಟೆಪಾಡಿಂದು ಕದ ಹಾಕ್ಕೊಂಡು ಕೇಳಪ್ಪ. ಜನರ ಮುಂದೆ ಕೇಳಿದರೆ ಅದು ಪ್ರಾರ್ಥನೆ ಅಲ್ಲ, ಅರ್ಜಿ.”

ಅವತ್ತಿನಿಂದ ಹಾಗೆಯೇ ನಡೆದುಕೊಂಡೆ. ಆದರೂ ಕುತೂಹಲ ತಡೆಯಲಾರದೆ ಒಮ್ಮೆ ಕೇಳಿಬಿಟ್ಟೆ: “ಮೇಷ್ಟ್ರಿಗೆ ಕೊಡಬೇಕು ಅಂತ ಮನಸ್ಸು ಬಂತಲ್ಲ, ಆ ಮನಸ್ಸು ಕೊಟ್ಟವರು ಯಾರು?” ಅವರು, “ಒಳ್ಳೇ ಪ್ರಶ್ನೆ. ನಿನಗೆ ಉತ್ತರ ಸಿಕ್ಕಿದ ದಿನ ನನಗೂ ಹೇಳು” ಎಂದರು. ಛತ್ರಿಯನ್ನು ಮಾತ್ರ ವಾಪಸ್ ಕೊಡಿಸಲಿಲ್ಲ.

ಇನ್ನೊಂದು ಬಿಕ್ಕೋಡಿನದು. ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಸಾಕ್ಷಿ ಹೇಳುವ ಪದ್ಧತಿ. ದೇವರು ತನಗೆ ಮಾಡಿದ ಉಪಕಾರವನ್ನು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ಕೂತವರು ‘ಸ್ತೋತ್ರ’ ಅನ್ನುತ್ತಾರೆ. ಕಾಫಿ ತೋಟದ ಮೇಸ್ತ್ರಿಯೊಬ್ಬ ಎದ್ದು, ತನಗೆ ತಪ್ಪಿದ ಜೀಪು ಆ ದಿನವೇ ತಿರುವಿನಲ್ಲಿ ಹಳ್ಳಕ್ಕೆ ಉರುಳಿತು, ದೇವರು ತನ್ನ ಕಾಲು ಹಿಡಿದು ನಿಲ್ಲಿಸಿದ ಅಂದ. ಎಲ್ಲರೂ ಸ್ತೋತ್ರ ಅಂದೆವು. ಗೋಡೆಗೊರಗಿದ್ದ ಒಬ್ಬ ಮುದುಕಿ ಕೇಳಿದಳು: “ಒಳಗಿದ್ದೋರಿಗೆ ಏನಾಯ್ತಪ್ಪ?”

“ಕೈಕಾಲು ಮುರೀತಜ್ಜಿ.”

“ಅವ್ರ ಕಾಲು ಯಾಕೆ ಹಿಡೀಲಿಲ್ವಂತೆ?”

ಅವಳು ಕುಹಕಕ್ಕೆ ಕೇಳಿದ್ದಲ್ಲ, ತಿಳಿಯಬೇಕು ಅಂತಲೇ ಕೇಳಿದ್ದು. ಎಲ್ಲರೂ ನನ್ನ ಕಡೆ ತಿರುಗಿದರು. ಉತ್ತರ ಗೊತ್ತಿಲ್ಲದಾಗ ಹಾಡು ಶುರು ಮಾಡುವ ಒಂದು ಉಪಾಯ ನಮ್ಮ ವೃತ್ತಿಯಲ್ಲಿದೆ. ಶುರು ಮಾಡಿದೆ. ಮುದುಕಿಯೂ ಹಾಡಿದಳು, ಕಣ್ಣು ಮಾತ್ರ ನನ್ನ ಮೇಲೇ ಇತ್ತು.

ಇವೆಲ್ಲ ನಗುವ ಸಂಗತಿ. ನಗು ಬಾರದ್ದು ಒಂದಿದೆ, ಎರಡು ಸಾವಿರದ ಇಸವಿ ಕಳೆದ ಮೇಲಿನದು. ಆಗ ನಾವು ಹಳೇಬೀಡಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಡುಮನೆಯೇ ಪ್ರಾರ್ಥನೆಯ ಜಾಗ, ಹೊರಗೆ ಉದ್ದನೆಯ ಜಗುಲಿ. ಬಸ್ತಿಹಳ್ಳಿಯಿಂದ ದೀನಮಣಿ ಎಂಬ ಹೆಂಗಸು ಆರಾಧನೆಗೆ ಬರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಎರಡು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಬದುಕುತ್ತಿದ್ದಳು. ಅವಳ ಪಕ್ಕದ ಮನೆಯವಳು ರಂಗಮ್ಮ. ರಂಗಮ್ಮ ನಮ್ಮವಳಲ್ಲ, ಅವರ ಮನೆದೇವರು ಬೇರೆ. ಆದರೆ ಇಬ್ಬರೂ ಬೆಳಿಗ್ಗೆ ಕ್ಯಾನು ಹಿಡಿದು ಒಟ್ಟಿಗೆ ಡೈರಿಗೆ ಹೋಗುವವರು, ಒಟ್ಟಿಗೆ ಜಗಳವಾಡುವವರು. ಭಾನುವಾರ ರಂಗಮ್ಮನೂ ಜೊತೆಗೆ ಬಂದು ಜಗುಲಿಯಲ್ಲಿ ಕೂರುವಳು. ಒಳಗೆ ಬಾರಮ್ಮ ಅಂದರೆ, “ಇಲ್ಲೇ ಗಾಳಿ ಚೆನ್ನಾಗೈತೆ ಬಿಡಿ, ಎಲ್ಲಾ ಕೇಳಿಸ್ತದೆ” ಅನ್ನುವಳು.

ಇಬ್ಬರಿಗೂ ಕೆಮ್ಮು ಹತ್ತಿತು. ಯಾರಿಂದ ಯಾರಿಗೆ ಬಂತೋ. ಕಫ ಪರೀಕ್ಷೆ ಮಾಡಿ ಕ್ಷಯ ಅಂದರು. ಹಿಂದೆಲ್ಲ ಕ್ಷಯದವರಿಗೆ ಒಂದು ಕಟ್ಟು ಮಾತ್ರೆ ಕೊಟ್ಟು ಕಳಿಸುತ್ತಿದ್ದರು, ಅವರು ನಾಲ್ಕು ದಿನ ನುಂಗಿ ಸೂರಿಗೆ ಸಿಕ್ಕಿಸುತ್ತಿದ್ದರು. ಆ ಹೊತ್ತಿಗೆ ಹೊಸ ಪದ್ಧತಿ ಬಂದಿತ್ತು. ರೋಗಿಯ ಹೆಸರು ಬರೆದ ಒಂದು ಡಬ್ಬಿ, ದಿನ ಬಿಟ್ಟು ದಿನ ಹೋಗಿ ಒಬ್ಬರ ಕಣ್ಣೆದುರಿಗೇ ನುಂಗಬೇಕು, ಆರು ತಿಂಗಳು. ಬಸ್ತಿಹಳ್ಳಿಯಲ್ಲಿ ಅಂಗನವಾಡಿ ಟೀಚರ್ ಎದುರು ನುಂಗುವುದು ಅಂತಾಯಿತು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಆರೋಗ್ಯ ಇಲಾಖೆಯ ನಾಗರಾಜು, ಮೊಪೆಡ್ಡಿನ ಮೇಲೆ ಊರೂರು ಸುತ್ತುವ ಸಣಕಲು ಮನುಷ್ಯ.

ಎರಡು ತಿಂಗಳಾದ ಮೇಲೆ ಮತ್ತೆ ಕಫ ನೋಡಿದರು. ಇಬ್ಬರದರಲ್ಲೂ ಏನೂ ಕಾಣಲಿಲ್ಲ. ದೀನಮಣಿಗೆ ಮೈ ತುಂಬಿತ್ತು, ಹಸಿವು ಹೆಚ್ಚಿತ್ತು. ಮುಂದಿನ ಮೊದಲ ಭಾನುವಾರ ಎದ್ದು ನಿಂತಳು. “ಕರ್ತನು ನನ್ನನ್ನ ಮುಟ್ಟಿ ವಾಸಿ ಮಾಡಿದ. ಡಾಕ್ಟ್ರೇ ನೋಡಿ ಏನೂ ಇಲ್ಲ ಅಂದವ್ರೆ” ಎಂದಳು. ನಡುಮನೆ ಸ್ತೋತ್ರದಿಂದ ತುಂಬಿತು. ಚೆನ್ನಾಗಿ ಹೇಳಿದಳು. ಜಗುಲಿಯಲ್ಲಿದ್ದ ರಂಗಮ್ಮನಿಗೂ ಪ್ರತಿ ಮಾತು ಕೇಳಿಸಿತು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾಗರಾಜು ನಮ್ಮ ಮನೆ ಮುಂದೆ ಮೊಪೆಡ್ಡು ನಿಲ್ಲಿಸಿದ. ಇಳಿಯಲಿಲ್ಲ.

“ಅಯ್ನೋರೇ, ನಿಮ್ಮ ದೇವ್ರಿಗೂ ನಂಗೂ ಏನಾದ್ರೂ ಜಗಳ ಐತಾ?”

“ಯಾಕೆ ನಾಗರಾಜು?”

“ದೀನಮಣಿ ಮಾತ್ರೆ ಬಿಟ್ಟವ್ಳೆ. ಕೇಳಿದ್ರೆ ವಾಸಿಯಾಯ್ತು ಅಂತಾಳೆ. ಅವ್ಳು ಬಿಟ್ಳು ಅಂತ ರಂಗಮ್ಮನೂ ಬಿಟ್ಟವ್ಳೆ. ಈ ಕಾಯಿಲೆ ಬೂದಿ ಮುಚ್ಚಿದ ಕೆಂಡ ಇದ್ದಂಗೆ. ಅರ್ಧಕ್ಕೆ ಬಿಟ್ರೆ ಆಮೇಲೆ ಮಾತ್ರೆಗೂ ಬಗ್ಗಲ್ಲ. ನನ್ನ ಮಾತು ಕೇಳಲ್ಲ, ನೀವಾದ್ರೂ ಹೇಳಿ.”

ಅಂದೇ ಬಸ್ತಿಹಳ್ಳಿಗೆ ನಡೆದೆ. ದೀನಮಣಿ ಹಟ್ಟಿಯ ಮುಂದೆ ಕೂತು ಹಾಲಿನ ಕ್ಯಾನು ಉಜ್ಜುತ್ತಿದ್ದಳು. ನನ್ನನ್ನು ಕಂಡು ಎದ್ದಳು.

“ಬನ್ನಿ ಅಯ್ನೋರೇ. ನಾಗರಾಜಣ್ಣ ಚಾಡಿ ಹೇಳಿರ್ಬೇಕು.”

“ಚಾಡಿ ಅಲ್ಲ ದೀನಮಣಿ. ಮಾತ್ರೆ ಯಾಕೆ ಬಿಟ್ಟೆ?”

“ವಾಸಿಯಾದೋರು ಯಾಕೆ ನುಂಗ್ಬೇಕು?”

“ಆರು ತಿಂಗಳು ಅಂದಿದ್ರಲ್ಲ.”

“ಅದು ಸಾಕ್ಷಿ ಹೇಳೋಕೆ ಮುಂಚೆ.” ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. “ಎಲ್ಲಾರ ಮುಂದೆ ನಿಂತು ದೇವರು ವಾಸಿ ಮಾಡ್ದ ಅಂದಿದೀನಿ. ಮಾರನೇ ದಿನ ಅಂಗನವಾಡಿ ಬಾಗಿಲಲ್ಲಿ ಬಾಯಿ ತೆಕ್ಕೊಂಡು ನಿಂತ್ರೆ ಯಾರ ಮಾನ ಹೋಯ್ತದೆ? ನಂದಲ್ಲ, ಆತಂದು.”

ನಾನು ಇದನ್ನು ಎಣಿಸಿಯೇ ಇರಲಿಲ್ಲ. ಮಾತ್ರೆಯ ಕಹಿಗೋ ಸೋಮಾರಿತನಕ್ಕೋ ಬಿಟ್ಟಿರಬೇಕು ಅಂದುಕೊಂಡು ಹೋಗಿದ್ದೆ. ಇವಳು ದೇವರ ಮಾನ ಕಾಯಲು ಬಿಟ್ಟಿದ್ದಳು.

“ಔಷಧಿನೂ ದೇವರೇ ಕೊಟ್ಟಿದ್ದಲ್ವಾ?” ಎಂದೆ.

“ಹಂಗಾದ್ರೆ ಅವತ್ತೇ ಹೇಳ್ಬೇಕಿತ್ತು. ಎಲ್ಲಾರ್ಗಿಂತ ಜೋರಾಗಿ ಸ್ತೋತ್ರ ಅಂದೋರು ನೀವು.”

ಅದು ನಿಜ.

“ಮತ್ತೆ ಕೆಮ್ಮು ಬಂದಂಗಿದೆ?” ಅವಳು ಸೆರಗಿಗೆ ಕೆಮ್ಮಿದ್ದನ್ನು ಕಂಡು ಕೇಳಿದೆ.

“ಹುಲ್ಲಿನ ಧೂಳು.” ನನ್ನ ಮುಖ ನೋಡಲಿಲ್ಲ. “ದೇವರು ನೋಡ್ಕೊಳ್ತಾನೆ ಅಂತ ನೀವೇ ಅಲ್ವಾ ಹೇಳೋದು? ನಂಬಿದೀನಿ. ನಂಬಿದ್ದು ತಪ್ಪಾಯ್ತಾ?”

ತಪ್ಪು ಅನ್ನುವ ಹಾಗಿಲ್ಲ, ಸರಿ ಅನ್ನುವ ಹಾಗಿಲ್ಲ. ಎಮ್ಮೆಗಳೆದುರು ಹಾಡು ಶುರು ಮಾಡುವ ಹಾಗೂ ಇರಲಿಲ್ಲ. ಗೋಡೆಯಾಚೆ ರಂಗಮ್ಮ ಕೆಮ್ಮುವುದು ಕೇಳಿಸುತ್ತಿತ್ತು. ಅವಳ ಮನೆಗೂ ಹೋಗಿ ಕೇಳಿದೆ. “ದೀನಮಣಿ ಹೆಂಗೋ ನಾನೂ ಹಂಗೆ, ಅಯ್ನೋರೇ” ಅಂದಳು, ಅಷ್ಟೆ.

ಮರುದಿನ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಅರಸೀಕೆರೆಗೆ ಹೋದೆ. ಕರುಣಾಕರ ಅಯ್ಯನವರು ಆಗ ನಿವೃತ್ತರು. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಎಲ್ಲ ಹೇಳಿದೆ. ಒಂದು ಒಳ್ಳೆಯ ವಾದ ಹೊಸೆದು ಕೊಡುತ್ತಾರೆ, ಬಸ್ತಿಹಳ್ಳಿಗೆ ಒಯ್ದು ಅವಳ ಮುಂದಿಡೋಣ ಎಂಬ ಆಸೆ ನನ್ನದು.

“ಅವಳು ಸಾಕ್ಷಿ ಹೇಳಿದ್ದು ಸುಳ್ಳಲ್ಲ ಬಿಡು,” ಅಂದರು. “ತೆನೆ ಬಂದಿದ್ದು ನೋಡಿ ಬೆಳೆ ಬಂತು ಅಂದಳು. ಗದ್ದೆಗೆ ನೀರು ನಿಲ್ಲಿಸಿಬಿಟ್ಟಳು, ಅದೇ ತೊಂದರೆ.” ಆಮೇಲೆ ನಶ್ಯದ ಡಬ್ಬಿಗೆ ತಡಕಾಡುತ್ತಾ ಕೇಳಿದರು: “ಅವಳು ಬಿಟ್ಟಿರೋದು ನಂಬಿಕೆಯಿಂದಲೋ, ನಾಚಿಕೆಯಿಂದಲೋ?”

“ನಂಬಿಕೆಯಿಂದ ಅಂತಾಳೆ.”

“ಅವಳು ಅನ್ನೋದು ಬೇಡ. ನಿನಗೆ ಏನು ಗೊತ್ತು?”

“ಗೊತ್ತಿಲ್ಲ, ಅಯ್ಯನವರೇ.”

“ಗೊತ್ತಿಲ್ಲದೆ ಬೋಧನೆ ಮಾಡೋಕೆ ಹೋಗಿದ್ದೆ. ಈ ಸಲ ತಿಳ್ಕೊಳ್ಳೋಕೆ ಹೋಗು. ಬೋಧನೆ ಎಲ್ಲಿಗೂ ಓಡಿಹೋಗಲ್ಲ.”

ವಾದ ಸಿಗದೆ, ಬರಿಗೈಲಿ ಬಂದೆ. ಹಳೇಬೀಡಿನಲ್ಲಿ ಬಸ್ಸಿಳಿದರೆ ದೀನಮಣಿ ಬಸ್‌ಸ್ಟ್ಯಾಂಡಿನಲ್ಲೇ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ರಂಗಿ ರಕ್ತ ಕಾರ್ಕೊಂಡ್ಳು, ಅಯ್ನೋರೇ.”

ಓಡುನಡಿಗೆಯಲ್ಲಿ ಹೋದೆವು. ರಂಗಮ್ಮ ಚಾಪೆಯ ಮೇಲೆ ಗೋಡೆಗೊರಗಿದ್ದಳು. ಮೂಳೆಯೇ ಕಾಣುವ ಹಾಗಾಗಿದ್ದಳು. ಶಾಲೆಯ ಯೂನಿಫಾರ್ಮಿನಲ್ಲೇ ಇದ್ದ ಮಗಳು ಬಟ್ಟಲು ಹಿಡಿದು ಕೂತಿದ್ದಳು. ಗಂಡ ನಾಗರಾಜುವನ್ನು ಹುಡುಕಿಕೊಂಡು ಹೋಗಿದ್ದ. ದೀನಮಣಿ ಕೂತು ಅವಳ ಕಾಲು ಒತ್ತತೊಡಗಿದಳು. ಅವಳ ಕಣ್ಣಲ್ಲಿ ನೀರಿತ್ತು.

“ಅಳಬೇಡ್ವೇ,” ಅಂದಳು ರಂಗಮ್ಮ. “ನಿಮ್ಮ ದೇವ್ರು ನಿನ್ನ ನೋಡ್ಕಂಡ. ನಾನು ಜಗುಲಿಯೋಳು. ಅಷ್ಟು ದೂರ ಕೈ ಎಟುಕಲಿಲ್ಲ ಅಂತ ಕಾಣ್ತದೆ.”

ಕೋಪವಿಲ್ಲ, ದೂರಿಲ್ಲ. ಡೈರಿಯಲ್ಲಿ ಇವತ್ತು ಹಾಲು ಕಡಿಮೆ ಅನ್ನುವ ಹಾಗೆ ಹೇಳಿದಳು. ನಾನು ಈ ಕೆಲಸದಲ್ಲಿ ಕೇಳಿದ ಎಲ್ಲ ಮಾತಿಗಿಂತ ಅದು ಭಾರವಾಗಿತ್ತು.

ದೀನಮಣಿಯ ಕೈ ನಿಂತಿತು. “ಮಾತ್ರೆ ಬಿಡು ಅಂತ ನಿಂಗೆ ಯಾರೇ ಹೇಳಿದ್ದು?”

“ನೀನು ಬಿಟ್ಯಲ್ಲ.”

ದೀನಮಣಿ ತಲೆ ತಗ್ಗಿಸಿಕೊಂಡೇ, “ನಂಗೂ ಐತೆ ಕಣೇ,” ಅಂದಳು. “ಸಂಜೆ ಆದ್ರೆ ಜ್ವರ. ಬಾಯಿಗೆ ಸೆರಗು ತುರುಕ್ಕೊಂಡು ಕೆಮ್ಮೋದು. ಸಭೆಯೋರ ಮುಂದೆ ಹೆಂಗೆ ಹೇಳ್ಲಿ? ನಗ್ತಾರೆ ಅಂತ.”

ಅಯ್ಯನವರು ಕೇಳಿದ್ದಕ್ಕೆ ಉತ್ತರ ತಾನಾಗಿಯೇ ಹೊರಬಿತ್ತು.

ರಂಗಮ್ಮ ಅವಳನ್ನೇ ನೋಡುತ್ತಿದ್ದಳು. “ಥೂ, ಕಳ್ಳಿ,” ಅಂದಳು. ಅದರಲ್ಲಿ ಸ್ವಲ್ಪ ನಗುವೂ ಇತ್ತು.

ನಾಗರಾಜು ಒಂದು ಜೀಪು ಮಾಡಿಸಿಕೊಂಡು ಬಂದ. ಬೇಲೂರಿನ ಆಸ್ಪತ್ರೆಗೆ ಹೊರಡು ಅಂದರೆ ರಂಗಮ್ಮ ಒಪ್ಪಲಿಲ್ಲ. ಸಾಯೋಳಿಗೆ ಜೀಪು ಯಾಕೆ, ಮನೇಲೇ ಇರ್ತೀನಿ ಅಂದಳು. ಗಂಡ ಹೇಳಿದ, ನಾಗರಾಜು ಬೈದ, ನಾನೂ ಹೇಳಿದೆ. ಕೊನೆಗೆ ದೀನಮಣಿಯ ಕಡೆ ಬೆರಳು ತೋರಿಸಿದಳು: “ಅವ್ಳು ಬಂದು ಕಫ ಕೊಟ್ರೆ ನಾನೂ ಬತ್ತೀನಿ. ಅವ್ಳು ನುಂಗಿದ್ರೆ ನಾನೂ ನುಂಗ್ತೀನಿ. ಇಲ್ದಿದ್ರೆ ಇಲ್ಲ.”

ದೀನಮಣಿ ನನ್ನ ಕಡೆ ನೋಡಿದಳು. ನನ್ನ ಅಪ್ಪಣೆಗಾಗಿ ಅಲ್ಲ. ಸಭೆಯ ಪರವಾಗಿ ನಿಂತಿದ್ದವನು ನಾನೊಬ್ಬನೇ; ನನ್ನ ಕಣ್ಣಲ್ಲಿ ಏನಿದೆ ಅಂತ ನೋಡಿದಳು, ಅಷ್ಟೆ. ಎದ್ದು, ಸೆರಗು ಸುತ್ತಿಕೊಂಡು ಮೊದಲು ಜೀಪು ಹತ್ತಿದವಳು ಅವಳೇ. ಎಮ್ಮೆಗಳ ಹಾಲು ಕರೆಯುವುದನ್ನು ರಂಗಮ್ಮನ ಮಗಳಿಗೆ ಒಪ್ಪಿಸಿದಳು.

ಬಿಟ್ಟಲ್ಲಿಂದ ಮುಂದುವರಿಸಲು ಆಗುವುದಿಲ್ಲ ಅಂದರು ಡಾಕ್ಟರು. ಇಬ್ಬರಿಗೂ ಮೊದಲಿನಿಂದ ಶುರು, ಈ ಸಲ ಸೂಜಿಯೂ ಸೇರಿತು. ದೀನಮಣಿಯನ್ನು ಮನೆಗೆ ಕಳಿಸಿದರು. ರಂಗಮ್ಮನನ್ನು ಇಟ್ಟುಕೊಂಡರು, ಉಳಿಯುತ್ತಾಳೆ ಅಂತ ಯಾರೂ ಹೇಳಲಿಲ್ಲ.

ಹಾಗಿರುವಾಗಲೇ ಮತ್ತೊಂದು ಮೊದಲ ಭಾನುವಾರ ಬಂತು. ಸಾಕ್ಷಿಯ ಹೊತ್ತಿಗೆ ದೀನಮಣಿ ಎದ್ದು ನಿಂತಳು. ಸೆರಗಿನ ಗಂಟು ಬಿಚ್ಚಿ ಅಂಗೈಯಲ್ಲಿ ಮಾತ್ರೆಗಳನ್ನು ಹಿಡಿದಿದ್ದಳು.

“ಹೋದ ಸಲ ಒಂದು ಸಾಕ್ಷಿ ಹೇಳಿದ್ದೆ. ಅದು ಪೂರ್ತಿಯಾಗಿರಲಿಲ್ಲ. ದೇವರು ನನ್ನ ನೋಡ್ಕೊಂಡಿದ್ದ, ನಾಗರಾಜಣ್ಣನ ಕೈಲಿ ಡಬ್ಬಿ ಕಳಿಸಿ. ಅದನ್ನ ಹೇಳೋಕೆ ನಾಚಿಕೆಪಟ್ಟು ಬಿಟ್ಟಿದ್ದೆ. ಹಂಗಾಗಿ ನಾನು ನುಂಗಲಿಲ್ಲ, ನನ್ನ ನೋಡಿ ರಂಗಿನೂ ನುಂಗಲಿಲ್ಲ. ಈಗ ಅವ್ಳು ಬೇಲೂರಾಸ್ಪತ್ರೇಲಿ ಮಲಗವ್ಳೆ. ನಂಗೂ ವಾಸಿಯಾಗಿಲ್ಲ. ಅವಳಿಗೋಸ್ಕರ ಪ್ರಾರ್ಥನೆ ಮಾಡಿ. ಅಮ್ನೋರೇ, ಒಂದು ಲೋಟ ನೀರು.”

ಹಿರಿಯರಲ್ಲಿ ಒಬ್ಬರು, “ಇದೇನಮ್ಮ, ಸಾಕ್ಷಿಗೆ ತಿದ್ದುಪಡಿಯಾ?” ಎಂದು ಗೊಣಗಿದರು. ನನ್ನ ಹೆಂಡತಿ ಅವರನ್ನು ದಾಟಿಕೊಂಡು ಹೋಗಿ ನೀರು ಕೊಟ್ಟಳು. ದೀನಮಣಿ ಒಂದೊಂದಾಗಿ ನುಂಗಿದಳು. ಕಾಯಿಲೆ ವಾಸಿಯಾಗಿಲ್ಲ ಅಂತ ಹೇಳಿದವರಿಗೆ ಸ್ತೋತ್ರ ಅನ್ನಬೇಕೋ ಬೇಡವೋ ಅಂತ ಯಾರಿಗೂ ತಿಳಿಯಲಿಲ್ಲ. ನಮ್ಮಲ್ಲಿ ಅಂಥ ಸಾಕ್ಷಿ ಯಾರೂ ಕೇಳಿರಲಿಲ್ಲ. ಆಮೇಲೆ ಗೊಣಗಿದವರೇ ಮೊಣಕಾಲೂರಿ ರಂಗಮ್ಮನ ಹೆಸರು ಹಿಡಿದು ಪ್ರಾರ್ಥನೆ ಶುರು ಮಾಡಿದರು. ಉದ್ದಕ್ಕೇ ಮಾಡಿದರು. ನಾನು ಬರೆದು ತಂದಿದ್ದ ಪ್ರಸಂಗಕ್ಕೆ ಹೊತ್ತು ಉಳಿಯಲಿಲ್ಲ, ನಷ್ಟವೇನೂ ಆಗಲಿಲ್ಲ.

ರಂಗಮ್ಮ ಉಳಿದಳು. ತಿಂಗಳ ಮೇಲೆ ಮನೆಗೆ ಬಂದಳು, ಪೊರಕೆಯ ಹಂಚಿಕಡ್ಡಿಯಂತಾಗಿ. ಮತ್ತೆ ಅಂಗನವಾಡಿಗೆ ಹೋಗಲು ಇಬ್ಬರಿಗೂ ಮುಜುಗರ. ನಾಗರಾಜು ಇಬ್ಬರ ಡಬ್ಬಿಗಳನ್ನೂ ನಮ್ಮ ಮನೆಯ ಗೂಡಿನಲ್ಲಿಟ್ಟು, “ಅಮ್ನೋರೇ, ನೀವೇ ನೋಡ್ಕಳಿ. ಅಯ್ನೋರ ಕೈಗೆ ಕೊಟ್ರೆ ಪ್ರಸಂಗ ಮಾಡ್ತಾ ಮರೀತಾರೆ” ಅಂದ. ದಿನ ಬಿಟ್ಟು ದಿನ ಬೆಳಿಗ್ಗೆ ಡೈರಿಯಿಂದ ನೇರ ನಮ್ಮ ಜಗುಲಿಗೆ. ನನ್ನ ಹೆಂಡತಿ ಚೊಂಬಿನಲ್ಲಿ ನೀರು ತಂದಿಡುವಳು. ಒಬ್ಬಳು ನುಂಗುವಾಗ ಇನ್ನೊಬ್ಬಳು ಬಾಯಿ ತೆರೆಸಿ ನಾಲಗೆ ಎತ್ತಿಸಿ ನೋಡುವಳು.

“ಕೆಳಗೆ ಇಟ್ಕಂಡಿಲ್ಲ ತಾನೆ? ನಿನ್ನ ನಂಬೋಕಾಗಲ್ಲ.”

“ನೋಡೇ, ಹಲ್ಲೂ ಎಣಿಸ್ಬಿಡು.”

ನಾನು ಒಳಗೆ ಕೂತು ಪ್ರಸಂಗಕ್ಕೆ ತಯಾರಿ ಮಾಡುತ್ತಾ ಇದನ್ನು ಕೇಳಿಸಿಕೊಳ್ಳುತ್ತಿದ್ದೆ. ಆ ತಿಂಗಳುಗಳಲ್ಲಿ ನನ್ನ ಪ್ರಸಂಗಗಳು ಮೊದಲಿಗಿಂತ ಚಿಕ್ಕವಾದವು ಅಂತ ಸಭೆಯವರು ಹೇಳುತ್ತಾರೆ.

ಮಾತ್ರೆ ಮುಗಿಯಿತು. ಕೊನೆಯ ಕಫ ಪರೀಕ್ಷೆಯಲ್ಲಿ ಇಬ್ಬರಿಗೂ ಏನೂ ಇಲ್ಲವೆಂದರು. ನಾಗರಾಜು ಖಾಲಿ ಡಬ್ಬಿಗಳನ್ನು ತೆಗೆದುಕೊಂಡು ಹೋದ. ಅದಾದ ಎರಡನೇ ಬೆಳಿಗ್ಗೆ ನಾನು ಕದ ತೆರೆದರೆ ರಂಗಮ್ಮ ಕ್ಯಾನು ಪಕ್ಕಕ್ಕಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದಾಳೆ, ಪಕ್ಕದಲ್ಲಿ ದೀನಮಣಿ.

“ಇವತ್ತು ಯಾಕಮ್ಮ ಬಂದಿರಿ? ಮುಗೀತಲ್ಲ,” ಅಂದೆ.

“ಕಾಲಿಗೆ ಗೊತ್ತಿಲ್ವಲ್ಲ ಅಯ್ನೋರೇ, ತಾನೇ ಬಂತು,” ಅಂದಳು ರಂಗಮ್ಮ. ನನ್ನ ಹೆಂಡತಿ ಏನೂ ಕೇಳದೆ ಚೊಂಬು ತಂದಿಟ್ಟಳು. ರಂಗಮ್ಮ ಅದನ್ನು ಎತ್ತಿಕೊಂಡು, ಕುಡಿಯದೆ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

“ಕೆಮ್ಮು ಮತ್ತೆ ಬಂದ್ರೆ?” ಅಂದಳು.

ನಾನು ಬಾಯಿ ತೆರೆದೆ. ಇಪ್ಪತ್ತು ವರ್ಷಕ್ಕೆ ಸಾಕಾಗುವಷ್ಟು ಮಾತು ಅಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ ದೀನಮಣಿ ಅವಳ ಕೈಯಿಂದ ಚೊಂಬು ತೆಗೆದುಕೊಂಡು ಅರ್ಧ ಕುಡಿದು, ಉಳಿದದ್ದನ್ನು ಅವಳ ಮುಂದೆ ಹಿಡಿದಳು.

“ಬಂದ್ರೆ ಇಬ್ರೂ ಮತ್ತೆ ಬರೋಣ. ಕುಡಿ, ಎಮ್ಮೆಗೆ ಹುಲ್ಲು ಹಾಕ್ಬೇಕು.”